ಮೇಜುಬಟ್ಟೆಯ ಮೇಲಿನ ಹತ್ತೊಂಬತ್ತು ಗುರುತು

ಲಾಂಡ್ರಿ ಕೊಳ್ಳುವವರ ವಕೀಲೆಯ ಪತ್ರ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಹನ್ನೊಂದು ಪುಟ. ಚಿಕ್ಕವನು ಅದನ್ನು ಅನ್ನದ ಪಾತ್ರೆಗೂ ನೀರಿನ ಹೂಜಿಗೂ ನಡುವೆ ಇಟ್ಟು, "ಇನ್ನು ಆರು ವಾರ. ಆಮೇಲೆ ಈ ಹಬೆಗೆ, ಈ ಸೋಡದ ವಾಸನೆಗೆ, ಎಲ್ಲಕ್ಕೂ ದೊಡ್ಡ ನಮಸ್ಕಾರ," ಎಂದ.

ಮನೆ ಇರುವುದು ಲಾಂಡ್ರಿಯ ಮೇಲೆ. ಕೆಳಗೆ ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಮೇಜುಬಟ್ಟೆ ಬೇಯುತ್ತವೆ. ಮೇಲೆ ಮನೆಯವರು ಬೇಯುತ್ತಾರೆ. ಅಡುಗೆಮನೆ ನೇರವಾಗಿ ಬಾಯ್ಲರಿನ ನೆತ್ತಿಯ ಮೇಲಿದೆ. ಅಲ್ಲಿ ಬರಿಗಾಲಲ್ಲಿ ನಿಲ್ಲಲಾಗದು. ಸೊಸೆ ಇಪ್ಪತ್ತೆರಡು ವರ್ಷದಿಂದ ಅಲ್ಲೇ ಚಪ್ಪಲಿ ಹಾಕಿಕೊಂಡು ನಿಂತು ಅಡುಗೆ ಮಾಡಿದ್ದಾಳೆ.

ಎರಡು ತೊಟ್ಟಿ, ಒಂದು ಇಸ್ತ್ರಿಪೆಟ್ಟಿಗೆಯಿಂದ ಲಾಂಡ್ರಿಯನ್ನು ಶುರುಮಾಡಿದವಳು ಅಜ್ಜಿ. ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಯಂತ್ರ ನೋಡಿಕೊಳ್ಳುತ್ತಾನೆ, ಮಾತು ಕಡಿಮೆ. ಚಿಕ್ಕವನು ಆಫೀಸು ನೋಡಿಕೊಳ್ಳುತ್ತಾನೆ, ಅಣ್ಣನ ಪಾಲಿನ ಮಾತನ್ನೂ ಅವನೇ ಆಡುತ್ತಾನೆ. ಲಾಂಡ್ರಿ ಮಾರಿದ ಮೇಲೆ ಮದುವೆಯಾಗುತ್ತೇನೆಂದು ಒಂಬತ್ತು ವರ್ಷದಿಂದ ಹೇಳುತ್ತ ಬಂದಿದ್ದಾನೆ. ಸೊಸೆ ದೊಡ್ಡವನ ಹೆಂಡತಿ. ಮದುವೆಗೆ ಮುಂಚೆ ಇದೇ ಲಾಂಡ್ರಿಯ ಇಸ್ತ್ರಿಮೇಜಿನಲ್ಲಿ ಎರಡು ವರ್ಷ ದುಡಿದವಳು. ಅವರ ಮಗಳು ಕಾಲೇಜಿಗೆ ಹೋಗುತ್ತಾಳೆ. ಮಾತು ಕಲಿತ ದಿನದಿಂದ 'ಯಾಕೆ' ಎಂದು ಕೇಳಿ ಕೇಳಿ ಎಲ್ಲರ ಬಾಯಲ್ಲೂ ಯಾಕಮ್ಮ ಆಗಿಹೋಗಿದ್ದಾಳೆ.

ಓದುವ ಕೆಲಸ ಯಾಕಮ್ಮನ ಪಾಲಿಗೆ ಬಂತು. ಒಂದು ಕೈಯಲ್ಲಿ ಊಟ, ಒಂದು ಕೈಯಲ್ಲಿ ಕಾಗದ.

"ಮಾರಾಟ ಮುಗಿಯುವ ದಿನಕ್ಕೆ ಮೊದಲು, ಕಂಪನಿಯ ಮೇಲಿರುವ ಎಲ್ಲ ಬಾಕಿಗಳನ್ನೂ, ಪುಸ್ತಕದಲ್ಲಿ ಬರೆದಿರಲಿ ಬರೆಯದಿರಲಿ, ಮಾರುವವರು ತೀರಿಸತಕ್ಕದ್ದು." ಅವಳು ತಲೆಯೆತ್ತಿದಳು. "ಬರೆಯದೆ ಇರೋ ಬಾಕಿ ಅಂದ್ರೆ ಯಾವುದು ಚಿಕ್ಕಪ್ಪ?"

"ಏನೂ ಇಲ್ಲ. ವಕೀಲರಿಗೆ ಪುಟದ ಲೆಕ್ಕದಲ್ಲಿ ದುಡ್ಡು."

"ಏನೂ ಇಲ್ಲದ್ದನ್ನ ಯಾಕೆ ಬರೀತಾರೆ?"

"ಶುರುವಾಯ್ತಪ್ಪಾ," ಎಂದ ಚಿಕ್ಕವನು. "ಮುಂದೆ ಓದು."

ಮುಂದಿನ ಪುಟಕ್ಕೆ ಅವನೇ ಉಣ್ಣುವುದು ನಿಲ್ಲಿಸಿದ. ಬೆಲೆಯ ಹತ್ತರಲ್ಲೊಂದು ಪಾಲನ್ನು ಕೊಳ್ಳುವವರು ಒಂದು ವರ್ಷ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟ ಬಾಕಿ ಯಾವುದಾದರೂ ತಲೆಯೆತ್ತಿದರೆ ಅದರಲ್ಲಿ ತೀರಿಸುತ್ತಾರೆ. ಬಾಕಿಯೆಲ್ಲ ತೀರಿ, ಕೆಲಸಗಾರರು ಒಬ್ಬೊಬ್ಬರೂ 'ನಮಗೆ ಬರಬೇಕಾದದ್ದು ಏನೂ ಇಲ್ಲ' ಎಂದು ಸಹಿ ಹಾಕಿದರೆ ಮಾತ್ರ ಅವತ್ತೇ ಪೂರ್ತಿ ಕೊಡುತ್ತಾರೆ.

"ನಮ್ಮ ದುಡ್ಡು ಅವರ ಹತ್ರ ಒಂದು ವರ್ಷ ಯಾಕಿರಬೇಕು?" ಚಿಕ್ಕವನು ಮೇಜು ಗುದ್ದಿದ. "ನಾವೇನು ಕಳ್ಳರಾ? ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಓಡಿಹೋಗೋರಾ?"

ಅಜ್ಜಿಗೆ ಇದ್ದಕ್ಕಿದ್ದಂತೆ ನಗು ಬಂತು. ನೀರು ಕುಡಿಯುತ್ತಿದ್ದವಳು ಕೆಮ್ಮಿದಳು.

"ಯಾಕಜ್ಜಿ ನಗ್ತೀಯ?"

"ಏನಿಲ್ಲ. ನೀರು ನೆತ್ತಿಗೆ ಹತ್ತಿತು."

ಸೊಸೆ ಅತ್ತೆಯ ಬೆನ್ನು ತಟ್ಟಿದಳು. ಅವಳು ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಮನೆ ಮುಂಗಡಕ್ಕೆ ಸಾಲುತ್ತಾ?"

ಕಾಲುವೆಯ ಆಚೆ ಬೀದಿಯಲ್ಲಿ ಒಂದು ಮನೆ ನೋಡಿಟ್ಟಿದ್ದರು. ಅಡುಗೆಮನೆಗೆ ಎರಡು ಕಿಟಕಿ, ನೆಲ ತಣ್ಣಗೆ. ಸೊಸೆ ಮೂರು ಸಲ ಹೋಗಿ ಬಂದಿದ್ದಳು. ಪರದೆಗೆಂದು ಕಿಟಕಿಗಳನ್ನು ಮೊಳದಲ್ಲಿ ಅಳೆದಿದ್ದಳು. ಮನೆಯ ಒಡೆಯ ಗಡುವು ಕೊಟ್ಟಿದ್ದ: ಲಾಂಡ್ರಿಯ ಮಾರಾಟ ಮುಗಿದ ದಿನವೇ ಪೂರ್ತಿ ಮುಂಗಡ ಬರಬೇಕು, ಇಲ್ಲದಿದ್ದರೆ ಬೇರೆಯವರು ಕಾಯುತ್ತಿದ್ದಾರೆ. ಸಾಲಗಳೆಲ್ಲ ಕಳೆದು ಕೈಗೆ ಬರುವುದು ಆ ಮುಂಗಡಕ್ಕೆ ಸರಿಯಾಗಿ ಸಾಲುತ್ತಿತ್ತು. ಹತ್ತರಲ್ಲೊಂದು ಪಾಲು ಆಚೆ ನಿಂತರೆ ಸಾಲುತ್ತಿರಲಿಲ್ಲ.

"ಸಾಲುತ್ತೆ ಅತ್ತಿಗೆ," ಎಂದ ಚಿಕ್ಕವನು. "ಎಲ್ಲರ ಹತ್ರ ಒಂದು ಸಹಿ ಹಾಕಿಸಿಬಿಟ್ರೆ ಸಾಲುತ್ತೆ."

*

ಮೊದಲೆರಡು ವಾರ ಬರೆದ ಬಾಕಿಗಳು ತೀರಿದವು. ಸಾಲ ತೀರಿಸುವುದು ಹೇಗೆಂದು ನೋಡಬೇಕೆಂದು ಯಾಕಮ್ಮ ಚಿಕ್ಕಪ್ಪನ ಹಿಂದೆ ಸುತ್ತಿದಳು. ಬ್ಯಾಂಕಿನವರು ಕಾಗದಕ್ಕೆ ಮುದ್ರೆ ಒತ್ತಿದರು. ಮೋಟಾರು ರಿಪೇರಿಯವನು ಹಳೆಯ ಬಿಲ್ಲನ್ನು ಅವರ ಕಣ್ಣೆದುರೇ ಹರಿದು ಕಸದ ಡಬ್ಬಿಗೆ ಹಾಕಿ, ಆಮೇಲೆ ನೆನಪಾಗಿ ಡಬ್ಬಿಯಿಂದ ತೆಗೆದು ಸಹಿ ಮಾಡಿಕೊಟ್ಟ. ಸೋಪಿನ ಪುಡಿಯ ವ್ಯಾಪಾರಿಯ ಅಂಗಡಿಯಲ್ಲಂತೂ ತಮಾಷೆಯೇ ಆಯಿತು. ಪುಸ್ತಕ ತಿರುವಿದರೆ, ನಾಲ್ಕು ಖಾಲಿ ಡ್ರಮ್ಮಿನ ಠೇವಣಿ ಅವನೇ ಇವರಿಗೆ ಕೊಡಬೇಕಿತ್ತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದಳು ಯಾಕಮ್ಮ.

"ನೀವು ಕೇಳಲಿಲ್ಲವಲ್ಲ," ಎಂದು ವ್ಯಾಪಾರಿ ಚಹಾ ತರಿಸಿದ.

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಮೂರನೆಯ ವಾರ, ಕಾಲೇಜು ಬಿಟ್ಟವಳು ಸೀದಾ ಬಾಯ್ಲರಿನ ಬಳಿಗೆ ಹೋದಳು. ಬಾಯ್ಲರಣ್ಣ ಮೂವತ್ತೊಂದು ವರ್ಷದ ಹಳಬ. ಹುಬ್ಬು ಸುಟ್ಟು ಎಷ್ಟೋ ಕಾಲವಾಗಿತ್ತು. ಒತ್ತಡದ ಮುಳ್ಳಿನಿಂದ ಕಣ್ಣು ತೆಗೆಯದೆ ಅವಳಿಗೆ ಸ್ಟೂಲು ತಳ್ಳಿದ.

"ಬಾಯ್ಲರಣ್ಣ, ಕಂಪನಿ ನಿಮಗೇನಾದ್ರೂ ಕೊಡೋದಿದೆಯಾ?"

"ಇದೆಯಲ್ಲ. ನನ್ನ ಮೊದಲ ತಿಂಗಳು."

"ಅಂದ್ರೆ?"

"ಕೆಲಸಕ್ಕೆ ಸೇರಿದ ಮೊದಲ ತಿಂಗಳ ಸಂಬಳ ನಿಮ್ಮಜ್ಜಿ ಕೊಡ್ತಿರಲಿಲ್ಲ, ಹಿಡಿದಿಟ್ಕೊಳ್ಳೋರು. ಕೆಲಸ ಕಲಿತು ಎದುರಿನ ಲಾಂಡ್ರಿಗೆ ಓಡಿಹೋಗಬಾರದು ಅಂತ. ಬಿಟ್ಟು ಹೋಗೋ ದಿನ ಎಷ್ಟು ಸಂಬಳ ಇರುತ್ತೋ ಅಷ್ಟು ಲೆಕ್ಕ ಹಾಕಿ ವಾಪಸ್. ಮಾತಿಗೆ ತಪ್ಪಿದವರಲ್ಲ, ಹೋದವರಿಗೆಲ್ಲ ಕೊಟ್ಟಿದ್ದಾರೆ." ಅವನು ಒಂದು ತಿರುಪು ಬಿಗಿದ. "ಆದ್ರೆ ಒಂದು ಕೇಳ್ತೀನಿ ಪುಟ್ಟಿ. ನಾನಂತೂ ಎಲ್ಲಿಗೂ ಹೋಗ್ತಿಲ್ಲ, ನೀವೇ ಹೋಗ್ತಿದ್ದೀರಿ. ಹೊಸಬರ ಹತ್ರ ನಾನು ಹೋಗಿ ಮೂವತ್ತೊಂದು ವರ್ಷದ ಹಿಂದಿನ ತಿಂಗಳು ಕೊಡಿ ಅಂದ್ರೆ ಏನಂತಾರೆ?"

"ಎಲ್ಲಿ ಬರೆದಿದೆ ಅಂತಾರೆ."

"ಬಟ್ಟೆ ಮೇಲೆ ಬರೆದಿದೆ ಅಂತೀನಿ."

"ತಮಾಷೆ ಮಾಡಬೇಡಿ."

"ತಮಾಷೆ ಏನು ಬಂತು? ನೀವು ದಿನಾ ಅದರ ಮೇಲೇ ಊಟ ಮಾಡ್ತೀರಂತಲ್ಲ."

*

ಅವತ್ತು ಯಾಕಮ್ಮ ತಟ್ಟೆ ಇಡಲು ಬಿಡಲಿಲ್ಲ. ಮೇಜುಬಟ್ಟೆಯ ತುದಿ ಹಿಡಿದು ಬೆಳಕಿಗೆ ತಿರುಗಿಸಿದಳು. ಹಳೆಯ, ಗಟ್ಟಿ ನೂಲಿನ ಹಾಸುಬಟ್ಟೆ. ವಾರಕ್ಕೊಮ್ಮೆ ಅಮ್ಮ ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು. ಅಂಚಿನುದ್ದಕ್ಕೂ ಕೆಂಪು ದಾರದ ಸಣ್ಣ ಸಣ್ಣ ಗುರುತುಗಳಿದ್ದವು. ಅಲಂಕಾರವೆಂದೇ ಅವಳು ಚಿಕ್ಕಂದಿನಿಂದ ತಿಳಿದಿದ್ದಳು. ಒಂದು ಕೊಡೆ, ಒಂದು ಬಾಚಣಿಗೆ, ಮೂರು ಚುಕ್ಕೆ, ಒಂದು ಬೀಗದ ಕೈ. ನಡುನಡುವೆ ದಾರವಿಲ್ಲದೆ ಬರೀ ಸೂಜಿಯ ತೂತುಗಳೂ ಇದ್ದವು.

"ಅಜ್ಜಿ, ಇದೇನು?"

ಅಜ್ಜಿ ಕನ್ನಡಕ ಒರೆಸಿಕೊಂಡಳು. "ಗಿರಾಕಿ ಬಟ್ಟೆಗೆ ಗುರುತು ಹಾಕ್ತೀವಲ್ಲ, ಹಾಗೇ ಕೆಲಸದವರಿಗೂ ಒಂದೊಂದು ಹಾಕ್ತಿದ್ದೆ. ನನಗೆಲ್ಲಿ ಓದು ಬರಹ? ಸೇರಿದ ದಿನ ನನ್ನ ಕಣ್ಣಿಗೆ ಏನು ಕಂಡಿತೋ ಅದು. ಬಾಯ್ಲರಣ್ಣ ಹರಿದ ಕೊಡೆ ಹಿಡ್ಕೊಂಡು ಬಂದಿದ್ದ. ದುಡ್ಡು ವಾಪಸ್ ಕೊಟ್ಟ ದಿನ ಹೊಲಿಗೆ ಬಿಚ್ಚೋದು. ನಿನ್ನ ಚಿಕ್ಕಪ್ಪ ಕಂಪ್ಯೂಟರ್ ತಂದು ಈ ಪದ್ಧತಿ ನಿಲ್ಲಿಸಿದ. ಬಟ್ಟೆ ಸುಮ್ಮನೆ ಬಿದ್ದಿತ್ತು. ನಿಮ್ಮಮ್ಮ ತಂದು ಮೇಜಿಗೆ ಹಾಸಿದಳು."

"ಪದ್ಧತಿ ನಿಲ್ಲಿಸಿದಾಗ ದುಡ್ಡು ಯಾಕೆ ಕೊಡಲಿಲ್ಲ?"

ಅಡುಗೆಮನೆಯಲ್ಲಿ ಏನೋ ಉಕ್ಕಿತು. ಸೊಸೆ ಎದ್ದು ಹೋಗಿ ಒಲೆ ಸಣ್ಣ ಮಾಡಿ ಬಂದಳು.

ಯಾಕಮ್ಮ ಎಣಿಸಿದಳು. ದಾರ ಉಳಿದಿದ್ದವು ಹತ್ತೊಂಬತ್ತು. ಅಜ್ಜಿ ಬೆರಳಿಟ್ಟು ಒಂದೊಂದನ್ನೂ ಗುರುತಿಸುತ್ತ ಹೋದಳು: ಇದು ಬಾಯ್ಲರಣ್ಣ, ಇವೆರಡು ಬಟ್ಟೆ ಮಡಿಕೆ ಹಾಕುವ ಅಕ್ಕತಂಗಿಯರು, ಇದು ವ್ಯಾನಿನ ಚಾಲಕ. ಹದಿನೆಂಟಾಯಿತು. ಮೂಲೆಯಲ್ಲೊಂದು ಉಳಿಯಿತು, ತಲೆಗೂದಲಿಗೆ ಸಿಕ್ಕಿಸುವ ಪಿನ್ನಿನ ಆಕಾರದ್ದು.

"ಇದು ಯಾರದ್ದು?"

"ಅದಾ..." ಅಜ್ಜಿಯ ಬೆರಳು ಹಿಂದೆ ಸರಿಯಿತು. "ಮರೆತೇಹೋಯ್ತು."

ಸೊಸೆ ಆ ಮೂಲೆಯ ಮೇಲೆಯೇ ನೀರಿನ ಹೂಜಿ ಇಟ್ಟಳು.

ಚಿಕ್ಕವನು ಮನಸ್ಸಿನಲ್ಲೇ ಲೆಕ್ಕ ಮುಗಿಸಿದ್ದ. ಹತ್ತೊಂಬತ್ತು ತಿಂಗಳು, ಈಗಿನ ಸಂಬಳದಲ್ಲಿ. ಕೊಳ್ಳುವವರು ಹಿಡಿದುಕೊಳ್ಳುವ ಪಾಲಿಗೆ ಹೆಚ್ಚೂಕಡಿಮೆ ಸಮ. ಇದನ್ನು ಕೊಟ್ಟರೆ ಆ ಮನೆಗೂ ದೊಡ್ಡ ನಮಸ್ಕಾರವೇ.

"ಆಗ ಹಿಡಿದಷ್ಟು ಆಗಿನ ದುಡ್ಡು ಕೊಟ್ಟರಾಯ್ತು," ಎಂದ.

"ಬಾಯ್ಲರಣ್ಣನ ಆಗಿನ ಸಂಬಳಕ್ಕೆ ಈಗ ಏನು ಬರುತ್ತೆ?" ಎಂದಳು ಯಾಕಮ್ಮ.

"ಎರಡು ಪೊಟ್ಟಣ ಸೋಪಿನ ಪುಡಿ," ಎಂದ ದೊಡ್ಡವನು. ಆ ವಾರ ಅವನ ಬಾಯಿಂದ ಬಂದ ಮೊದಲ ವಾಕ್ಯ ಅದು.

"ಅಣ್ಣ, ನೀನೂ ಅವರ ಕಡೆಯಾ?"

"ಬೆಲೆ ಹೇಳಿದೆ ಅಷ್ಟೆ."

"ಹೋಗಲಿ, ವಕೀಲೆಗೆ ಕೊಡೋ ಬಾಕಿ ಪಟ್ಟಿಗೆ ಸೇರಿಸೋದೇ ಬೇಡ. ಇದೊಂದು ಬಟ್ಟೆ. ಬಟ್ಟೆ ಲೆಕ್ಕದ ಪುಸ್ತಕ ಆಗಲ್ಲ."

"ಬರೆದಿರಲಿ ಬರೆಯದಿರಲಿ ಅಂತ ಇದೆ ಚಿಕ್ಕಪ್ಪ. ಅವರು ಒಂದೇ ವರ್ಷ ಹಿಡ್ಕೊಳ್ತೀವಿ ಅಂದಿದ್ದಕ್ಕೆ ನೀವು ಮೇಜು ಗುದ್ದಿದ್ರಿ. ಬಾಯ್ಲರಣ್ಣಂದು ಮೂವತ್ತೊಂದು ವರ್ಷ ಆಯ್ತು. ಅವರೇನು ಕಳ್ಳರಾ?"

ಈಗ ಅಜ್ಜಿ ನಗಲಿಲ್ಲ. "ಅದಕ್ಕೇ ಕಣೋ ಅವತ್ತು ನನಗೆ ನಗು ಬಂದಿದ್ದು," ಎಂದಳು ಮೆಲ್ಲಗೆ. "ಆ ವಕೀಲಮ್ಮ ನನ್ನ ಹತ್ರಾನೇ ಕಲಿತಂಗಿದೆ ಅನ್ನಿಸ್ತು."

"ನಗು ಬಂತಾ ನಿನಗೆ!" ಚಿಕ್ಕವನು ತಟ್ಟೆ ಎತ್ತಿಕೊಂಡು ಮಹಡಿಯ ಮೆಟ್ಟಿಲಿಗೆ ಹೋಗಿ ಕೂತು ಉಂಡ.

*

ನಾಲ್ಕನೆಯ ವಾರ ಅವನು ಕಾಗದ ಸಿದ್ಧಮಾಡಿದ. 'ಕಂಪನಿಯಿಂದ ನಮಗೆ ಬರಬೇಕಾದ ಬಾಕಿ ಏನೂ ಇರುವುದಿಲ್ಲ.' ಕೆಳಗೆ ಗೆರೆಗಳು. ಅದನ್ನು ತಾನು ಒಯ್ಯಲಿಲ್ಲ. ಬುದ್ಧಿವಂತ.

"ಅತ್ತಿಗೆ, ನೀವು ಹೋಗಿ ಬನ್ನಿ. ನಿಮ್ಮ ಮಾತು ಕೇಳ್ತಾರೆ. ಅವರ ಜೊತೆ ನಿಂತು ಇಸ್ತ್ರಿ ಮಾಡಿದವರು ನೀವು."

ಮಾಲೀಕರಿಗೆ ಇಂಥ ಸಮಯದಲ್ಲಿ ಮಾತ್ರ ನೆನಪಾಗುತ್ತದೆ, ಯಾರು ಯಾರ ಜೊತೆ ನಿಂತು ಬೆವರು ಸುರಿಸಿದ್ದರೆಂದು. ಸೊಸೆ ಕೈ ಒರೆಸಿಕೊಂಡಳು, ಪೆನ್ನು ತೆಗೆದುಕೊಂಡಳು, ಹೋದಳು.

ಒಂದು ಗಂಟೆಯಾಯಿತು, ಎರಡಾಯಿತು. ಚಿಕ್ಕವನು ಚಹಾ ತಾನೇ ಮಾಡಿಕೊಳ್ಳಲು ಹೋಗಿ, ಬರಿಗಾಲಲ್ಲಿ ಅಡುಗೆಮನೆಯ ನೆಲ ತುಳಿದು, ಕುಣಿದು, ಬೈದುಕೊಂಡು ಹೊರಗೆ ಬಂದ.

"ಅಮ್ಮ ಇಷ್ಟು ವರ್ಷ ಅಲ್ಲಿ ಹೇಗೆ ನಿಂತಿದ್ಲು ಅಂತ ಯಾವತ್ತಾದ್ರೂ ಕೇಳಿದ್ರಾ ಚಿಕ್ಕಪ್ಪ?" ಎಂದಳು ಯಾಕಮ್ಮ.

"ಅದಕ್ಕೇ ಅಲ್ವಾ ಹೊಸ ಮನೆ ಅಂತ ನಾನು ಸಾಯ್ತಿರೋದು!"

ಅದೂ ಸುಳ್ಳಲ್ಲ.

ಸೊಸೆ ಸಂಜೆ ಬಂದಳು. ಸೆರಗಿನ ತುಂಬ ಕೆಳಗಿನ ಹಬೆಯ ವಾಸನೆ.

"ಹದಿನೆಂಟು ಜನಾನೂ ಸಹಿ ಹಾಕ್ತೀವಿ ಅಂದ್ರು."

ಚಿಕ್ಕವನ ಮುಖ ಅರಳಿತು. "ನಾನು ಹೇಳಲಿಲ್ವಾ? ಕೊಡಿ ಇಲ್ಲಿ."

"ಹಾಕಿಸಲಿಲ್ಲ."

"ಯಾಕೆ?" ಈ ಸಲ 'ಯಾಕೆ' ಅವನ ಬಾಯಲ್ಲೇ ಬಂತು.

"ಹತ್ತೊಂಬತ್ತನೆಯವಳು ಹಾಕಲ್ಲ ಅಂದ್ಲು."

"ಯಾರವಳು? ಎಲ್ಲಿದ್ದಾಳೆ? ನಾನೇ ಹೋಗಿ ಮಾತಾಡ್ತೀನಿ."

"ಮಾತಾಡು. ಇಲ್ಲೇ ಇದ್ದೀನಿ."

ಅವಳು ಹೂಜಿಯನ್ನು ಪಕ್ಕಕ್ಕಿಟ್ಟಳು. ಮೂಲೆಯ ಪಿನ್ನು ಕೆಂಪಗೆ ಕಂಡಿತು. ಯಾಕಮ್ಮ ಒಮ್ಮೆ ಬಟ್ಟೆ ನೋಡಿದಳು, ಒಮ್ಮೆ ಅಮ್ಮನ ತಲೆ ನೋಡಿದಳು. ಅಲ್ಲೂ ಅಂಥದೇ ಪಿನ್ನು.

ಅಜ್ಜಿಗೆ ಸಿಟ್ಟು ಬಂತು, ನಾಚಿಕೆಯಾದಾಗ ಬರುವಂಥ ಸಿಟ್ಟು. "ಏನೇ ಇದು? ನೀನು ಮನೆಯವಳಾದ್ಯಲ್ಲೇ! ಮನೆಯವರಿಗೆ ಯಾರಾದ್ರೂ ಬಾಕಿ ಇಡ್ತಾರಾ?"

"ಬಾಕಿ ಇಟ್ಟಿದ್ದು ಮನೆಯವಳಾಗೋಕೆ ಮುಂಚೆ ಅತ್ತೆ."

"ಇಷ್ಟು ವರ್ಷ ಬಾಯಿ ಬಿಡಲಿಲ್ಲ!"

"ಬಾಯಿ ಬಿಡಲಿಲ್ಲ. ಮೇಜಿನ ಮೇಲೆ ಹಾಸಿದೆ. ಹನ್ನೊಂದು ವರ್ಷ ದಿನಾ ಎರಡು ಹೊತ್ತು ಹಾಸಿದೆ, ಯಾರಾದ್ರೂ ನೋಡಲಿ ಅಂತ."

ದೊಡ್ಡವನು ತಲೆ ತಗ್ಗಿಸಿದ. ಅವನು ಉಣ್ಣುತ್ತಿದ್ದದ್ದು ಸರಿಯಾಗಿ ಆ ಮೂಲೆಯಲ್ಲೇ.

"ಆ ತಿಂಗಳು ನಾನು ಮಧ್ಯಾಹ್ನ ಏನು ತಿಂದೆ ಗೊತ್ತಾ ಅತ್ತೆ?" ಸೊಸೆಯ ದನಿ ಏರಲಿಲ್ಲ. "ಗಂಜಿ. ಗಿರಾಕಿಗಳ ಕಾಲರಿಗೆ ಹಾಕೋ ಗಂಜಿ. ನೀಲಿ ಬೆರೆಸೋಕೆ ಮುಂಚೆ ಒಂದು ಲೋಟ ತೆಗೆದಿಟ್ಕೊಳ್ತಿದ್ದೆ."

"ನನಗೆ ಗೊತ್ತಿರಲಿಲ್ಲ ಕಣೇ."

"ಗೊತ್ತಿತ್ತು. ಗಂಜಿ ಕಡಿಮೆ ಬೀಳ್ತಿದೆ, ಯಾರೋ ಚೆಲ್ತಿದ್ದಾರೆ ಅಂತ ಬೈದ್ರಿ."

ಕೆಳಗೆ ಬಾಯ್ಲರಣ್ಣ ಹಬೆ ಬಿಟ್ಟ ಸದ್ದು ಮನೆಯಿಡೀ ತುಂಬಿ ಇಳಿಯಿತು.

"ಕಿಟಕಿ ಬೇಡ್ವಾ ಅತ್ತಿಗೆ?" ಚಿಕ್ಕವನು ಕೊನೆಯ ದಾಳ ಹಾಕಿದ. "ಎರಡು ಕಿಟಕಿ. ನೀವೇ ಅಳೆದು ಬಂದಿದ್ದೀರಿ."

ಮೇಜಿನ ಅಂಚಿನ ಮೇಲೆ ಸೊಸೆಯ ಬೆರಳು ಒಂದು ಮೊಳ ದೂರ ಸರಿದು ನಿಂತಿತು.

"ಬೇಕು," ಎಂದಳು. "ಬೇಕೇ ಬೇಕು ಅಂತ ಕೆಳಗೆ ಎರಡು ಗಂಟೆ ಪೆನ್ನು ಹಿಡ್ಕೊಂಡು ನಿಂತಿದ್ದೆ. ಮಡಿಕೆ ಹಾಕೋ ಅಕ್ಕ ಪೆನ್ನಿಗೆ ಕೈ ಚಾಚಿದ್ಲು. ನಿನಗೆ ಮನೆ ಆಗುತ್ತೆ ಅಂದ್ರೆ ಹಾಕ್ತೀನಿ ಬಿಡು ಅಂದ್ಲು. ಆಗ ನನಗೆ ಕೊಡೋಕೆ ಆಗಲಿಲ್ಲ."

ದೊಡ್ಡವನು ವಕೀಲೆಯ ಪಟ್ಟಿಯನ್ನು ಮಗಳ ಮುಂದೆ ತಳ್ಳಿದ. "ಬರಿ. ಮೊದಲು ಕೊಡೆ."

*

ಚಿಕ್ಕವನು ಮೂರು ದಿನ ಮೆಟ್ಟಿಲ ಮೇಲೆಯೇ ಉಂಡ. ನಾಲ್ಕನೆಯ ದಿನ, ಅತ್ತಿಗೆ ಮೊಟ್ಟೆ ಬೇಯಿಸಿದ್ದಾಳೆಂದು ತಿಳಿದು ಮೇಜಿಗೆ ಬಂದ. ಪಟ್ಟಿ ಅಲ್ಲೇ ಇತ್ತು. ಹದಿನೆಂಟರ ಮುಂದೆ ಮೊತ್ತ, ಹತ್ತೊಂಬತ್ತರ ಮುಂದೆ ಖಾಲಿ.

"ಇದ್ಯಾಕೆ ಬಿಟ್ಟಿದ್ದೀಯ?"

"ಲೆಕ್ಕ ಸಿಗ್ತಿಲ್ಲ," ಎಂದಳು ಯಾಕಮ್ಮ. "ಬಿಟ್ಟು ಹೋಗೋ ದಿನದ ಸಂಬಳ ಕೊಡಬೇಕು ಅಂತ ಅಲ್ವಾ ಅಜ್ಜಿಯ ಕಟ್ಟಳೆ? ಅಮ್ಮನ ಈಗಿನ ಸಂಬಳ ಎಷ್ಟು?"

"ಸೊನ್ನೆ," ಎಂದ ಚಿಕ್ಕವನು ನಗುತ್ತ. ಯಾರೂ ಜೊತೆಗೆ ನಗಲಿಲ್ಲ. ಅವನ ನಗು ಮೊಟ್ಟೆಯ ಮೇಲೆ ಬಿದ್ದು ತಣ್ಣಗಾಯಿತು. ಸಿಪ್ಪೆ ಸುಲಿಯುವುದರಲ್ಲಿ ಮಗ್ನನಾದ.

ಇಪ್ಪತ್ತೆರಡು ವರ್ಷ ಐದು ಜನಕ್ಕೆ ಅಡುಗೆ, ಹಬ್ಬದಂಥ ದಿನಗಳಲ್ಲಿ ಇಸ್ತ್ರಿಗೆ ಕೈ ಕಡಿಮೆಯಾದರೆ ಕೆಳಗಿಳಿದು ದುಡಿತ. ಯಾವ ಪುಸ್ತಕದಲ್ಲೂ, ಯಾವ ಬಟ್ಟೆಯಲ್ಲೂ ಇಲ್ಲ. ವಕೀಲೆಯ ಹನ್ನೊಂದು ಪುಟಗಳಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ.

"ಇಸ್ತ್ರಿಮೇಜಿನ ಹಿರಿಯಳಿಗೆ ಈಗ ಏನು ಕೊಡ್ತೀವೋ ಅದು ಬರಿ," ಎಂದಳು ಅಜ್ಜಿ. ಎಲ್ಲರೂ ಅವಳ ಕಡೆ ತಿರುಗಿದರು. "ಏನು ನೋಡ್ತೀರಿ? ಸೇರಿದ ಮೇಲೆ ಅವಳು ಒಂದು ದಿನ ಬಿಟ್ಟಿದ್ದಾಳಾ? ಇಸ್ತ್ರಿಮೇಜಿನಲ್ಲೇ ಇದ್ದಿದ್ರೆ ಅವಳೇ ಹಿರಿಯಳು."

ಸೊಸೆ ಅತ್ತೆಯ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಕ್ಷಮಿಸಿದೆ ಎಂದೇನೂ ಅಲ್ಲ. ಒಂದು ಉಳಿದಿತ್ತು.

ಕಾಲುವೆಯಾಚೆಯ ಮನೆಯ ಒಡೆಯನಿಗೆ ದೊಡ್ಡವನೇ ಹೋಗಿ ಹೇಳಿಬಂದ. ಮರುದಿನವೇ ಅದು ಬೇರೆಯವರದಾಯಿತು. ಬಾಡಿಗೆಗೆ ಒಂದು ಮನೆ ಸಿಕ್ಕಿತು. ಎರಡು ಕೋಣೆ, ಅಡುಗೆಮನೆಗೆ ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಗೋಡೆಗೆ ತೆರೆಯುವಂಥದ್ದು. ನೋಡಲು ಹೋದಾಗ ಸೊಸೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒಲೆ ಇಡುವ ಜಾಗದಲ್ಲಿ ಸುಮಾರು ಹೊತ್ತು ಸುಮ್ಮನೆ ನಿಂತಳು.

"ಏನಮ್ಮ?"

"ಏನಿಲ್ಲ. ನೆಲ ನೋಡ್ತಿದ್ದೀನಿ."

ಐದನೆಯ ವಾರದ ಕೊನೆಗೆ, ಕೊಳ್ಳುವವರು ಮೊದಲೇ ಕೊಟ್ಟಿದ್ದ ಕಂತಿನಿಂದ ದುಡ್ಡು ತೆಗೆದು ಲಕೋಟೆಗಳಿಗೆ ತುಂಬಿದರು. ಅಜ್ಜಿ ಎಷ್ಟೋ ತಿಂಗಳ ಮೇಲೆ ಕೆಳಗಿಳಿದು, ಇಸ್ತ್ರಿಮೇಜಿನ ಮೇಲೆ ಬಟ್ಟೆ ಹರಡಿ, ಸಣ್ಣ ಕತ್ತರಿ ಹಿಡಿದು ಕೂತಳು. ಒಬ್ಬೊಬ್ಬರಾಗಿ ಬಂದರು. ಯಾಕಮ್ಮ ಲಕೋಟೆ ಕೊಟ್ಟಳು, ಚಿಕ್ಕವನು ಸಹಿ ಹಾಕಿಸಿಕೊಂಡ, ಅಜ್ಜಿ ಗುರುತು ಬಿಚ್ಚಿದಳು. ಬಾಯ್ಲರಣ್ಣ ಲಕೋಟೆಯನ್ನು ಎಣಿಸದೆ ಜೇಬಿಗೆ ತುರುಕಿ, ಬಿಚ್ಚಿದ ಕೆಂಪು ದಾರವನ್ನು ಕೇಳಿ ಪಡೆದು ಕಿವಿಗೆ ಸುತ್ತಿಕೊಂಡ.

"ಕೊಡೆ ರಿಪೇರಿ ಮಾಡಿಸ್ಕೋ ಈಗಲಾದ್ರೂ," ಎಂದಳು ಅಜ್ಜಿ.

"ಅದು ಹರಿದೇ ಉಳಿದಿದ್ದೂ ಈ ಹಿಡಿದಿಟ್ಟ ದುಡ್ಡಿಂದಲೇ ದೊಡ್ಡಮ್ಮ. ಹೊಸದು ತಗೊಳ್ಳೋಕೆ ನೀವೆಲ್ಲಿ ಬಿಟ್ರಿ?"

ಜನ ನಕ್ಕರು. ಅಜ್ಜಿಯೂ ನಗಲು ನೋಡಿದಳು, ಆಗಲಿಲ್ಲ.

ಪಿನ್ನಿಗೆ ಅವತ್ತು ಕತ್ತರಿ ತಾಗಲಿಲ್ಲ. "ನನ್ನದು ಕೊನೆಗೆ ಇರಲಿ," ಎಂದಿದ್ದಳು ಸೊಸೆ.

*

ಮಾರಾಟ ಮುಗಿಯುವ ದಿನ ಐದೂ ಜನ ವಕೀಲೆಯ ಕೋಣೆಯಲ್ಲಿ ಕೂತರು. ವಕೀಲೆ ಇನ್ನೂ ಚಿಕ್ಕ ವಯಸ್ಸಿನವಳು. ಪ್ರತಿ ಸಾಲಿನ ಕೆಳಗೂ ಪೆನ್ಸಿಲ್ ಇಟ್ಟು ಓದುತ್ತಿದ್ದಳು. ಬ್ಯಾಂಕು, ಮೋಟಾರಿನವನು, ಸೋಪಿನವನು. ಆಮೇಲೆ ಮೊದಲ ತಿಂಗಳುಗಳು. ಹದಿನೆಂಟು ಸಹಿ ನೋಡಿದಳು. ಪೆನ್ಸಿಲ್ ಹತ್ತೊಂಬತ್ತರ ಮೇಲೆ ನಿಂತಿತು.

"ಇವರ ಸಹಿ ಆಗಿಲ್ಲ."

"ಲಕೋಟೆ ಇಲ್ಲೇ ಇದೆ. ಈಗ ಹಾಕ್ತಾರೆ," ಎಂದ ಚಿಕ್ಕವನು. "ನಮ್ಮ ಅತ್ತಿಗೆ."

ವಕೀಲೆ ಸೊಸೆಯ ಕಡೆ ತಿರುಗಿದಳು. ಅವಳಿಗೂ ಕುತೂಹಲ ಬಂದಂತಿತ್ತು. "ಉಳಿದವರೆಲ್ಲ ಕೆಲಸದಲ್ಲಿ ಮುಂದುವರೀತಿದ್ದಾರೆ ಅಂತ ಇದೆ. ನಿಮ್ಮದು ಖಾಲಿ ಬಿಟ್ಟಿದ್ದಾರೆ. ನೀವು ಯಾವಾಗ ಕೆಲಸ ಬಿಟ್ರಿ?"

ಮದುವೆಯ ವರ್ಷ ಹೇಳಬೇಕೆಂದು ಚಿಕ್ಕವನು ಬಾಯಿ ತೆರೆದ. ದೊಡ್ಡವನು ಅವನ ಮೊಣಕಾಲು ಅದುಮಿದ.

"ಇವತ್ತು," ಎಂದಳು ಸೊಸೆ.

ಲಕೋಟೆ ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ, ಒಂದೊಂದೇ ನೋಟು ಎಣಿಸಿದಳು. ಎಲ್ಲರೂ ಕಾದರು. ಸರಿಯಿತ್ತು. ಸಹಿ ಹಾಕಿದಳು.

ಅಜ್ಜಿ ಚೀಲದಿಂದ ಮಡಚಿದ ಬಟ್ಟೆಯನ್ನೂ ಕತ್ತರಿಯನ್ನೂ ಹೊರತೆಗೆದಳು. ಬಟ್ಟೆ ಹರಡಲು ಮೇಜಿನ ಮೇಲೆ ಜಾಗವಿರಲಿಲ್ಲ. ವಕೀಲೆ ತನ್ನ ಕಾಗದಗಳನ್ನೆಲ್ಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.